ಬುಟ್ಟಿಯ ಮೇಲಿನ ಚೀಟಿ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಹುಡುಗಿಯೊಬ್ಬಳು ಒಂದು ಬೆಳಿಗ್ಗೆ ಮನೆಗೆ ಬಂದು, "ಅಕ್ಕ, ನಿಮಗೆ ಊರೆಲ್ಲ ಗೊತ್ತಂತೆ. ಹದಿನೈದು ದಿನ ನನ್ನ ಜೊತೆ ಓಡಾಡ್ತೀರಾ?" ಎಂದು ಕೇಳಿದಳು. ಅವಳು ತುಮಕೂರು ಕಡೆಯವಳು. ಕೃಷಿ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಜನ ಹಣ್ಣು ಕೊಳ್ಳುವಾಗ ಏನು ನೋಡಿ ಕೊಳ್ಳುತ್ತಾರೆ, ಔಷಧಿ ಹೊಡೆಯದೆ, ರಾಸಾಯನಿಕ ಗೊಬ್ಬರ ಹಾಕದೆ ಬೆಳೆದ ಹಣ್ಣನ್ನು ಬಯಸುತ್ತಾರೋ ಇಲ್ಲವೋ, ಅದು ಅವಳ ವಿಷಯ.

ನನಗೆ ಇಂಥ ಕೆಲಸ ಹೊಸದಲ್ಲ. ಮನೆಯಲ್ಲಿ ಎರಡು ಮಗ್ಗ ಇವೆ. ಅಪ್ಪ ಈಗಲೂ ರೇಷ್ಮೆ ಸೀರೆ ನೇಯುತ್ತಾರೆ, ನಾನು ಲಾಳಿಗೆ ನೂಲು ಸುತ್ತಿಕೊಡುತ್ತೇನೆ. ನಡುವೆ ಮನೆ ಗಣತಿಯೋ ವೋಟರ್ ಲಿಸ್ಟೋ ಬಂದರೆ ಹೋಗಿ ಬರೆದು ಬರುತ್ತೇನೆ. ಹಣ್ಣಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳುವುದು ಏನು ಮಹಾ ಎಂದುಕೊಂಡು ಒಪ್ಪಿದೆ.

ಮೊದಲ ಐದು ದಿನ ಬರೀ ಪ್ರಶ್ನೆ ಕೇಳಿದೆವು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹೊರಗೆ, ತರಕಾರಿ ಮಾರ್ಕೆಟ್ಟಿನ ಬಾಗಿಲಲ್ಲಿ, ಯಳಂದೂರಿನ ಹಣ್ಣಿನ ಗಾಡಿಗಳ ಪಕ್ಕ ನಿಂತು, ಕೊಂಡವರನ್ನು ನಿಲ್ಲಿಸಿ ಕೇಳುತ್ತಿದ್ದೆವು. ಔಷಧಿ ಹೊಡೆಯದ ಹಣ್ಣು ಸಿಕ್ಕರೆ ತಗೊಳ್ಳುತ್ತೀರಾ? ತಗೊಳ್ಳುತ್ತೇವೆ. ಸ್ವಲ್ಪ ಜಾಸ್ತಿ ಕೊಟ್ಟಾದರೂ? ಕೊಟ್ಟಾದರೂ. ಮೇಲೆ ಕಪ್ಪು ಚುಕ್ಕೆ ಇದ್ದರೆ? ಇದ್ದರೇನಂತೆ. ಮಾವಿನಹಣ್ಣಿನ ಕಾಲ ಮುಗಿದು ಸೀಬೆ, ಬಾಳೆಗಳೇ ತುಂಬಿದ್ದ ದಿನಗಳವು. ಕೈಯಲ್ಲಿ ಫಳಫಳ ಹೊಳೆಯುವ ಹಣ್ಣಿನ ಚೀಲ ಹಿಡಿದುಕೊಂಡೇ ಒಬ್ಬೊಬ್ಬರೂ, "ಮಕ್ಳಿಗೆ ವಿಷ ತಿನ್ಸಕಾಯ್ತದಾ ಮೇಡಂ?" ಎನ್ನುತ್ತಿದ್ದರು.

ಹಾಳೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಔಷಧಿ ಹೊಡೆದ ಹಣ್ಣಿಗೂ ಹೊಡೆಯದ ಹಣ್ಣಿಗೂ ರುಚಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆಯೇ? ಅದಕ್ಕಂತೂ ಯಾರೂ ಯೋಚಿಸಲೇ ಇಲ್ಲ. ಬಾಯಿಗಿಟ್ಟ ತಕ್ಷಣ ಗೊತ್ತಾಗುತ್ತದೆ ಎಂದರು. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಸಂಜೆ ಹಾಳೆಗಳನ್ನು ಜೋಡಿಸುವಾಗ, ನಮ್ಮ ಊರಿನವರು ಎಷ್ಟು ತಿಳಿದವರು ನೋಡಿ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಹುಡುಗಿ ನಗಲಿಲ್ಲ. "ಎಲ್ಲ ಊರಲ್ಲೂ ಹೀಗೇ ಹೇಳ್ತಾರೆ ಅಕ್ಕ. ಇನ್ನು ತಿನ್ನಿಸಿ ನೋಡೋಣ" ಎಂದಳು.

ತಿನ್ನಿಸಲು ಹಣ್ಣು ಬೇಕಿತ್ತು. ಹನೂರಿನಿಂದ ಇನ್ನೂ ಒಳಗೆ, ಕಾಡಿನ ಅಂಚಿನ ಹಳ್ಳಿಯೊಂದರಲ್ಲಿ ಒಬ್ಬ ರೈತ ನಾಲ್ಕು ವರ್ಷದಿಂದ ಒಂದು ತೊಟ್ಟು ಔಷಧಿ ಹೊಡೆಯದೆ ಏಲಕ್ಕಿ ಬಾಳೆ ಬೆಳೆಯುತ್ತಿದ್ದಾನೆ ಎಂದು ಅವಳು ವಿಚಾರಿಸಿಕೊಂಡಿದ್ದಳು. ಆರನೆಯ ದಿನ ಇಬ್ಬರೂ ಅಲ್ಲಿಗೆ ಹೋದೆವು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಹೆಗಲ ಮೇಲೆ ಟವೆಲ್ಲು. ತೋಟದೊಳಗೆ ಕಾಲಿಟ್ಟರೆ ಒಣಗಿದ ಬಾಳೆಲೆ ಪಾದ ಮುಚ್ಚುವಷ್ಟು ಹಾಸಿತ್ತು, ಸಾಲಿನ ನಡುವೆ ಅಲಸಂದೆ ಹಬ್ಬಿತ್ತು, ಒಂದು ಮೂಲೆಯಲ್ಲಿ ಸಗಣಿ, ಗಂಜಲ, ಬೆಲ್ಲ ಕಲಸಿದ ಡ್ರಮ್ಮು. ಹಿಂದಿನ ವಾರ ಆನೆ ಬಂದು ಒಂದು ಸಾಲು ಮುರಿದು ಹೋಗಿತ್ತು. ಅವರು ಅದನ್ನು ತೋರಿಸಿ, "ಅದ್ಕೆ ಯಾವ ಬಾಳೆಯಾದ್ರೂ ಒಂದೆಯ" ಎಂದರು.

ಕೊಳ್ಳೇಗಾಲದ ಸಂತೆಯ ದಿನ ಜನರ ಮುಂದೆ ನಿಮ್ಮ ಹಣ್ಣಿಟ್ಟು ರುಚಿ ಕೇಳುತ್ತೇವೆ ಎಂದಾಗ ಅವರ ಮುಖ ಅರಳಿತು.

"ನಾನು ಎಂಗ್ ಬೆಳುದ್ರೂ ಮಂಡಿಯವ್ರು ತಕಂಡೋಗಿ ಎಲ್ರ ಗೊನೆ ಜೊತೆಗೆ ಬೆರುಸ್ಬುಡ್ತಾರ ಕಣಕ್ಕ. ನನ್ ಬಾಳೆ ಬ್ಯಾರೆ ಅಂತ ಯಾರೂ ಎತ್ತಿ ಇಟ್ಟಿಲ್ಲ. ಒಂದ್ಸಲ ತಿಂದ್ ನೋಡ್ಲಿ, ಅವ್ರಿಗೇ ಗೊತ್ತಾಯ್ತದ."

ಸಂತೆಯ ಹಿಂದಿನ ದಿನ ಸಂಜೆ, ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದ ನಾಲ್ಕು ಗೊನೆಗಳನ್ನು ಬೈಕಿನ ಹಿಂದೆ ಹಗ್ಗದಲ್ಲಿ ಕಟ್ಟಿಕೊಂಡು ಅವರೇ ತಂದು ಹುಡುಗಿಯ ಕೋಣೆಯಲ್ಲಿ ಇಳಿಸಿ ಹೋದರು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವಳು ಎರಡು ಬುಟ್ಟಿ ಸಿದ್ಧ ಮಾಡಿಟ್ಟಿದ್ದಳು. ಒಂದರ ಮೇಲೆ ದಪ್ಪ ಅಕ್ಷರದಲ್ಲಿ 'ಔಷಧಿ ಹೊಡೆಯದೆ ಬೆಳೆದದ್ದು' ಎಂಬ ಚೀಟಿ. ಇನ್ನೊಂದರ ಮೇಲೆ 'ಮಾಮೂಲಿ ಮಾರ್ಕೆಟ್ ಹಣ್ಣು'. ಮಾರ್ಕೆಟ್ಟಿನ ಹತ್ತಿರ ಒಂದು ಸಣ್ಣ ಶಾಮಿಯಾನ ಹಾಕಿಸಿ, ಟೇಬಲ್ಲಿನ ಮೇಲೆ ಬುಟ್ಟಿಗಳನ್ನಿಟ್ಟು, ಬಂದವರಿಗೆಲ್ಲ ಎರಡರಿಂದಲೂ ಒಂದೊಂದು ಹಣ್ಣು ಕೊಟ್ಟೆವು.

ಆ ಬೆಳಿಗ್ಗೆ ನನಗೆ ಹಬ್ಬದ ಹಾಗಿತ್ತು. ನಿವೃತ್ತ ಗುಮಾಸ್ತರೊಬ್ಬರು ಮೊದಲನೆಯ ಬುಟ್ಟಿಯ ಹಣ್ಣು ತಿಂದು ಕಣ್ಣು ಮುಚ್ಚಿ ನಿಂತರು. "ನಮ್ಮಜ್ಜಿ ಹಿತ್ತಲಲ್ಲಿ ಇದೇ ಬಿಡ್ತಿತ್ತು ಕಣಮ್ಮ. ಇದೇ ಘಮ" ಎಂದರು. ಸ್ಕೂಲ್ ಮೇಡಂ ಒಬ್ಬರು ಎರಡನೆಯದನ್ನು ಕಚ್ಚಿದವರೇ ಕಾಗದದಲ್ಲಿ ಉಗಿದು, "ಔಷಧಿ ನಾತ ಹೊಡೀತದೆ. ಹೆಂಗ್ ತಿಂತಾರೋ ಜನ" ಎಂದು ನೀರು ಕೇಳಿ ಬಾಯಿ ಮುಕ್ಕಳಿಸಿದರು. ನಾನು ಎಲ್ಲವನ್ನೂ ಬರೆದುಕೊಂಡೆ. ಕುಂತೂರಿನ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರೊಬ್ಬ ಮಾತ್ರ ಎರಡನ್ನೂ ತಿಂದು, "ಎರಡೂ ಒಂದೇಯ ಕಣಕ್ಕ" ಎಂದ.

"ಸರಿಯಾಗಿ ತಿಂದು ನೋಡಿ" ಎಂದು ನಾನು ಇನ್ನೊಂದು ಹಣ್ಣು ಕೊಟ್ಟೆ.

ಅವನು ಚೀಟಿ ಓದಿದ, ನನ್ನ ಮುಖ ನೋಡಿದ. "ಅಂಗಾರೆ ಈ ಕಡೇದೇ ಚೆನ್ನಾಗದ ಅಂತ ಬರ್ಕೊ ಬುಡಿ" ಎಂದು ಹೋದ. ಹಾಗೆಯೇ ಬರೆದುಕೊಂಡೆ.

ನಡುವೆ ನಾನೂ ತಿಂದೆ. ಮೊದಲನೆಯದು ಜೇನಿನ ಹಾಗಿತ್ತು. ಎರಡನೆಯದನ್ನು ನುಂಗಿದ ಮೇಲೆ ಗಂಟಲಲ್ಲಿ ಸಣ್ಣಗೆ ಕೆರೆತ ಶುರುವಾಯಿತು.

ಹನ್ನೊಂದರ ಹೊತ್ತಿಗೆ ಅಪ್ಪ ಬಂದರು. ಅಪ್ಪನ ಬೆರಳಿನ ಬಗ್ಗೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಕಣ್ಣು ಕಟ್ಟಿ ಸೀರೆ ಕೊಟ್ಟರೂ ಕೈಮಗ್ಗದ್ದೋ ಪವರ್ ಲೂಮಿನದ್ದೋ ಎಂದು ಸೆರಗು ಮುಟ್ಟಿ ಹೇಳುತ್ತಾರೆ. ಅಂಗಡಿಯವನು ಅಂಟಿಸಿದ ಸ್ಟಿಕ್ಕರ್ ನಂಬಿ ಪವರ್ ಲೂಮ್ ಸೀರೆಯನ್ನು ಕೈಮಗ್ಗದ ಸೀರೆ ಎಂದು ಹೊತ್ತೊಯ್ಯುವವರನ್ನು ಕಂಡರೆ ಅವರಿಗೆ ನಗು. ಅಪ್ಪ ಎರಡೂ ಹಣ್ಣನ್ನು ನಿಧಾನವಾಗಿ ತಿಂದರು. ಸುತ್ತ ನಿಂತವರು ಅವರ ಬಾಯಿಯನ್ನೇ ನೋಡುತ್ತಿದ್ದರು.

"ಇದು ಹಣ್ಣು" ಎಂದು ಮೊದಲನೆಯ ಬುಟ್ಟಿ ಮುಟ್ಟಿದರು. ಎರಡನೆಯದನ್ನು ತೋರಿಸಿ, "ಇದು ಸಪ್ಪೆ. ಗಂಟಲು ಬೇರೆ ಕೆರೀತದೆ" ಎಂದರು. ನನಗಾದದ್ದೇ ಅಪ್ಪನಿಗೂ ಆಯಿತಲ್ಲ ಎಂದು ನನಗೆ ಖುಷಿಯಾಯಿತು.

ಸ್ವಲ್ಪ ಹೊತ್ತಿಗೆ ಹಣ್ಣು ಬೆಳೆದ ತೋಟದವರು ಬಂದರು. ಒಗೆದ ಬಿಳಿ ಷರ್ಟು ಹಾಕಿದ್ದರು. ತಾನು ಯಾರೆಂದು ಯಾರಿಗೂ ಹೇಳಬೇಡಿ ಎಂದು ಸನ್ನೆ ಮಾಡಿ, ಶಾಮಿಯಾನದ ಕಂಬ ಹಿಡಿದು ನಿಂತು ಜನ ಹೊಗಳುವುದನ್ನು ಕೇಳುತ್ತಿದ್ದರು. ಮುಖದಲ್ಲಿ ನಗುವಿತ್ತು. ಯಾರೋ ಒಬ್ಬಾಕೆ ಎರಡನೆಯ ಬುಟ್ಟಿಯ ಹಣ್ಣನ್ನು ಕಚ್ಚಿ ಉಗಿದು, ಉಳಿದದ್ದನ್ನು ಚರಂಡಿಗೆ ಎಸೆದಳು. ಎಸೆದದ್ದರ ಕಡೆ ನೋಡಿದ ತೋಟದವರು ಹಾಗೇ ಟೇಬಲ್ಲಿನ ಹತ್ತಿರ ಬಂದು ಆ ಬುಟ್ಟಿಯೊಳಗಿಂದ ಒಂದು ಚಿಪ್ಪು ಎತ್ತಿ ತಿರುಗಿಸಿ ನೋಡಿದರು.

"ಅಕ್ಕ, ಇದ ಎಲ್ಲಿಂದ ತಂದ್ರಿ?"

"ಮಾರ್ಕೆಟ್ಟಿಂದ ಅಣ್ಣ. ಇದು ಮಾಮೂಲಿದು."

ಅವರು ಮೊದಲನೆಯ ಬುಟ್ಟಿಯಲ್ಲಿ ಕೈಯಾಡಿಸಿ ಅಲ್ಲಿಂದಲೂ ಒಂದು ಚಿಪ್ಪು ತೆಗೆದರು. ಎರಡನ್ನೂ ಒಂದರ ಪಕ್ಕ ಒಂದು ಹಿಡಿದರು. ಬೈಕಿಗೆ ಕಟ್ಟಿದ್ದ ಹಗ್ಗ ಉಜ್ಜಿ ಸಿಪ್ಪೆಯ ಮೇಲೆ ಕಪ್ಪು ಗೆರೆ ಎದ್ದಿತ್ತು. ಒಂದು ಚಿಪ್ಪಿನಲ್ಲಿ ನಿಂತ ಗೆರೆ ಇನ್ನೊಂದು ಚಿಪ್ಪಿನಲ್ಲಿ ಸರಿಯಾಗಿ ಮುಂದುವರಿಯಿತು. ತೊಟ್ಟಿನಲ್ಲಿ ಕೊಯ್ದ ಜಾಗವೂ ಒಂದಕ್ಕೊಂದು ಕೂತಿತು.

"ಇದು ನಂದು ಕಣಕ್ಕ" ಎಂದರು. "ಎರಡೂ ನಂದೇಯ. ಒಂದೇ ಗೊನೆ."

ನಾನು ಹುಡುಗಿಯ ಕಡೆ ತಿರುಗಿದೆ. ಅವಳು ಪೆನ್ನು ಕೆಳಗಿಟ್ಟಳು. ನನ್ನನ್ನು ಪಕ್ಕಕ್ಕೆ ಕರೆದು, "ಹೌದು ಅಕ್ಕ. ಎರಡು ಬುಟ್ಟಿಯಲ್ಲೂ ಅವರ ಹಣ್ಣೇ ಇರೋದು. ನಾಲಿಗೆ ಹೇಳತ್ತೋ ಚೀಟಿ ಹೇಳತ್ತೋ ನೋಡೋಕೆ ಹೀಗೇ ಮಾಡ್ಬೇಕು. ನಿಮಗೆ ಮೊದಲೇ ಹೇಳಿದ್ರೆ ನಿಮ್ಮ ಮುಖ ನೋಡಿ ಜನಕ್ಕೆ ಗೊತ್ತಾಗ್ತಿತ್ತು. ಸಂಜೆ ಎಲ್ಲರಿಗೂ ಹೇಳೋದೇ ಇತ್ತು" ಎಂದಳು.

ಅವಳು ಹೇಳುತ್ತಿದ್ದುದು ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ನನ್ನ ಕೈ ತಾನಾಗಿಯೇ ಗಂಟಲಿಗೆ ಹೋಯಿತು. ಕೆರೆತ ಇನ್ನೂ ಇತ್ತು. ಅದೇ ನನ್ನನ್ನು ಹೆದರಿಸಿದ್ದು. ಸುಳ್ಳು ಎಂದು ತಿಳಿದ ಮೇಲೂ ಗಂಟಲು ಕೆರೆಯುವುದನ್ನು ನಿಲ್ಲಿಸಿರಲಿಲ್ಲ. ನಾನು ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅಪ್ಪ ಎರಡು ಹೆಜ್ಜೆ ಆಚೆ ನಿಂತಿದ್ದರು. ಅವರಿಗೆ ಎಲ್ಲವೂ ಕೇಳಿಸಿತ್ತು. ಕೈಯಲ್ಲಿದ್ದ ಸಿಪ್ಪೆಯನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಹಿಡಿದುಕೊಂಡೇ ಇದ್ದರು.

ಇನ್ನು ಮುಚ್ಚಿಡಲು ಆಗುವುದಿಲ್ಲವೆಂದು ಹುಡುಗಿ ಅಲ್ಲಿದ್ದವರಿಗೆಲ್ಲ ವಿಷಯ ತಿಳಿಸಿದಳು. ಜನ ನಗುತ್ತಾರೆ, ಇಲ್ಲ ನಾಚಿಕೊಳ್ಳುತ್ತಾರೆ ಎಂದು ನಾನು ಎಣಿಸಿದ್ದೆ. ಗುಮಾಸ್ತರು ಒಪ್ಪಲೇ ಇಲ್ಲ. ಚೀಟಿ ಅದಲುಬದಲಾಗಿರಬೇಕು, ನನ್ನ ನಾಲಿಗೆ ಸುಳ್ಳು ಹೇಳುವುದಿಲ್ಲ ಎಂದರು. ಸ್ಕೂಲ್ ಮೇಡಂ ಕೆಂಪಗಾಗಿ, ನಮ್ಮನ್ನು ಮಂಗ ಮಾಡುವುದಕ್ಕೆ ಕರೆದಿರಾ ಎಂದು ರೇಗಿದರು. ಅವರಿಬ್ಬರ ಮಾತು ಹೇಗೋ ಆಗಲಿ. ಗುಂಪಿನ ಹಿಂದಿನಿಂದ ಒಬ್ಬರು ಹೇಳಿದ ಮಾತು ಮಾತ್ರ ನಾನು ಕನಸಿನಲ್ಲೂ ನೆನೆಸಿರಲಿಲ್ಲ.

"ಎರಡೂ ಇವ್ರದೇ ಅಂದ್ರೆ, ಎರಡನೇದ್ರಲ್ಲಿ ಔಷಧಿ ವಾಸನೆ ಬಂದಿದ್ದು ಹೆಂಗೆ? ಕದ್ದು ಹೊಡ್ದಿರ್ಬೇಕು ಇವ್ನು."

ಒಬ್ಬರು ಹೇಳಿದ್ದೇ ತಡ, ಹೌದಲ್ಲ ಎಂದು ನಾಲ್ಕು ಜನ ತಲೆಯಾಡಿಸಿದರು. ಉಗಿದವರು, ಎಸೆದವರು, ಬಾಯಿ ಮುಕ್ಕಳಿಸಿದವರು ಎಲ್ಲರಿಗೂ ಒಂದು ದಾರಿ ಸಿಕ್ಕಿತು. ಅವರ ನಾಲಿಗೆ ಸರಿಯಾಗಿತ್ತು, ತಪ್ಪು ಬೆಳೆದವನದು. ಹುಡುಗಿ ಏನೇನೋ ವಿವರಿಸಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ತೋಟದವರು ಜಗಳಕ್ಕೆ ನಿಲ್ಲಲಿಲ್ಲ. ಎರಡನೆಯ ಬುಟ್ಟಿಯ ಮೇಲಿನ ಚೀಟಿ ಕಿತ್ತು ಟೇಬಲ್ಲಿನ ಮೇಲಿಟ್ಟರು. "ಇದ ನಾನ್ ಓಯ್ತೀನಿ" ಎಂದರು. ನಾನು ಎದ್ದು ಹೋಗಿ, "ಅಣ್ಣ, ನಂಗೂ ಗೊತ್ತಿರಲಿಲ್ಲ" ಎಂದೆ. ಅವರು ನನ್ನ ಮುಖ ನೋಡದೆ, "ಉಗುದ್ರಲ್ಲಕ್ಕ" ಎಂದರು. ಅಷ್ಟೇ. ಬುಟ್ಟಿಯನ್ನು ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು.

ಮಧ್ಯಾಹ್ನ ಮನೆಗೆ ಬಂದಾಗ ಅಪ್ಪ ಮಗ್ಗದ ಮುಂದೆ ಕೂತಿದ್ದರು. ನೇಯುತ್ತಿರಲಿಲ್ಲ. ನಾನು ಊಟಕ್ಕೆ ಕರೆದೆ.

"ನಾನು ಸುಳ್ಳು ಹೇಳ್ಲಿಲ್ಲ ಮಗ" ಎಂದರು. "ನಿಜವಾಗ್ಲೂ ಸಪ್ಪೆ ಇತ್ತು. ನಿಜವಾಗ್ಲೂ ಗಂಟಲು ಕೆರೀತು."

"ನಂಗೂ ಅಪ್ಪ."

"ಸ್ಟಿಕ್ಕರ್ ನೋಡಿ ಸೀರೆ ತಗೊಳ್ಳೋರು ಸೆರಗು ಸವರಿ, ಹಾ, ಇದು ಕೈಮಗ್ಗದ್ದೇ ಅಂತಾರಲ್ಲ. ಅವ್ರು ನಾಟ್ಕ ಆಡ್ತಾರೆ ಅಂದ್ಕೊಂಡಿದ್ದೆ. ಅವ್ರ ಕೈಗೂ ಹಂಗೇ ಅನ್ಸಿರ್ಬೇಕು ಕಣ್ ಮಗ."

ಅರವತ್ತು ವರ್ಷ ಮಗ್ಗದ ಮುಂದೆ ಕೂತ ಮನುಷ್ಯ ತನ್ನ ಬೆರಳನ್ನೇ ಅನುಮಾನದಿಂದ ನೋಡಿಕೊಳ್ಳುವುದನ್ನು ನಾನು ಅವತ್ತು ಮೊದಲ ಸಲ ಕಂಡೆ.

ಅದಾದ ಮೂರನೆಯ ದಿನ ಅಪ್ಪ, ನಾನು ಇಬ್ಬರೂ ಹನೂರಿನ ಬಸ್ಸು ಹತ್ತಿದೆವು. ಅಪ್ಪನೇ ಹೊರಟಿದ್ದು. ಆ ಮನುಷ್ಯನಿಗೆ ಒಂದು ಮಾತು ಹೇಳಿ ಬರಬೇಕು ಎಂದರು. ತೋಟದವರು ಮುರಿದ ಸಾಲಿನಲ್ಲಿ ಹೊಸ ಬಾಳೆಕಂದು ನೆಡುತ್ತಿದ್ದರು. ನಮ್ಮನ್ನು ಕಂಡು ಕೈ ತೊಳೆದುಕೊಂಡು ಬಂದು, ಬದುವಿನ ಮೇಲೆ ಚೀಲ ಹಾಸಿ ಕೂರಿಸಿದರು. ಅಪ್ಪ ಬೇರೆ ಪೀಠಿಕೆ ಹಾಕದೆ, "ನಾನೂ ನಿಮ್ಮ ಹಣ್ಣನ್ನ ಸಪ್ಪೆ ಅಂದವನೇ. ತಪ್ಪಾಯ್ತು" ಎಂದರು.

ಅವರು ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು. ಆಮೇಲೆ, "ಬುಡಿ ಸಾ" ಎಂದರು. "ಅವತ್ತು ಓಯ್ತಾ ದಾರೀಲಿ ಅಂಗ್ಡೀಲಿ ಒಂದ್ ಚಿಪ್ಪು ತಕಂಡೆ. ಔಸ್ದಿ ಒಡ್ದಿರೋದೇಯ. ಮನೇಲಿ ನಮ್ಮೆಂಗಸ್ರಿಗೆ ಏಳ್ದೆ, ನಾನ್ ಕಣ್ಮುಚ್ಕತೀನಿ, ಒಂದ್ ನಂದು ಒಂದ್ ಅಂಗ್ಡೀದು ಬಾಯ್ಗಿಡು ಅಂತ. ಮೂರ್ ಸಲ ತಿಂದೆ."

"ಏನಾಯ್ತು?" ಎಂದೆ.

"ನಂಗೂ ಗೊತ್ತಾಗ್ನಿಲ್ಲ ಕಣಕ್ಕ."

ಅವರು ಅದನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಅಪ್ಪ ಇನ್ನೊಂದು ಸಲ ಕೇಳಬೇಕಾಯಿತು. ನಾವೆಲ್ಲ ಸೋತರೂ ಇವರೊಬ್ಬರಾದರೂ ಗುರುತು ಹಿಡಿಯುತ್ತಾರೆ ಎಂದು ನನಗೇ ತಿಳಿಯದ ಹಾಗೆ ನಂಬಿಕೊಂಡಿದ್ದೆ.

"ಮತ್ತೆ ಇಷ್ಟು ಕಷ್ಟ ಯಾಕೆ ಪಡ್ತೀರಿ? ನೀವೂ ಹೊಡೆಯಬಹುದಲ್ಲ" ಎಂದು ಅಪ್ಪ ಕೇಳಿದರು.

ಅದಕ್ಕೆ ಅವರು ಹೇಳಿದ್ದು ಇಷ್ಟು. ಮೊದಲು ಅವರು ತಮ್ಮ ತೋಟಕ್ಕಷ್ಟೇ ಅಲ್ಲ, ಸುತ್ತಲ ತೋಟಗಳಿಗೂ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಕೂಲಿಗೆ ಔಷಧಿ ಹೊಡೆಯುತ್ತಿದ್ದರು. ಒಂದು ದಿನ ಗಾಳಿ ತಿರುಗಿ ಎಲ್ಲವೂ ಮುಖಕ್ಕೆ ಬಂತು. ಸಾಲಿನ ನಡುವೆ ಬಿದ್ದರು. ಆಸ್ಪತ್ರೆಯಿಂದ ಬಂದ ಮೇಲೂ ಎಷ್ಟೋ ದಿನ ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ನಿಲ್ಲುತ್ತಿರಲಿಲ್ಲ.

"ತಿನ್ನೋರ ಬಾಯ್ಗೆ ಅಂತ ನಾನ್ ಬುಟ್ಟಿದ್ದಲ್ಲ ಸಾ. ಔಸ್ದಿ ಒಡೆಯೋನು ನಾನು ಅಂತ ಬುಟ್ಟೆ. ರುಚಿ ಬ್ಯಾರೆ ಇರ್ತದ ಅಂತ ಪ್ಯಾಟೆಯವ್ರು ಏಳ್ತಾ ಏಳ್ತಾ ನಾನೂ ನಂಬ್ಕಂಡೆ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಚೀಲದಿಂದ ಪ್ರಶ್ನೆಯ ಹಾಳೆ ತೆಗೆದು ಮೊದಲಿಂದ ಓದಿದೆ. ರುಚಿ ಇತ್ತು, ಬಣ್ಣ ಇತ್ತು, ಚುಕ್ಕೆ ಇತ್ತು, ಬೆಲೆ ಇತ್ತು, ನಿಮ್ಮ ಆರೋಗ್ಯ, ನಿಮ್ಮ ಮಕ್ಕಳ ಆರೋಗ್ಯ ಇತ್ತು. ಟ್ಯಾಂಕು ಹೊತ್ತವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಷ್ಟು ಜನರನ್ನು ನಿಲ್ಲಿಸಿ ಕೇಳಿದ್ದೆ, ಅಷ್ಟು ಸಲ ಓದಿದ್ದೆ, ಇಲ್ಲದ್ದು ಕಣ್ಣಿಗೆ ಬಿದ್ದಿರಲಿಲ್ಲ. ತಾವಾಗಿಯೇ ಆ ಮಾತೆತ್ತಿದವರೂ ಒಬ್ಬರಿರಲಿಲ್ಲ.

ಹುಡುಗಿಗೆ ಹೇಳಿದಾಗ ಅವಳು, ಹಾಳೆ ಬದಲಿಸಲು ಕಾಲೇಜಿನವರು ಒಪ್ಪುವುದಿಲ್ಲ ಎಂದಳು. ಆಮೇಲೆ ತಾನೇ, ಉಳಿದ ಎರಡು ದಿನ ಕೊನೆಯಲ್ಲಿ ಬಾಯಿಮಾತಿಗೆ ಕೇಳೋಣ, ಉತ್ತರವನ್ನು ಅಂಚಿನಲ್ಲಿ ಬರೆದುಕೊಳ್ಳಿ ಎಂದಳು.

ಕೇಳಿದೆವು. ಔಷಧಿ ಹೊಡೆಯುವವರಿಗೆ ಏನಾಗುತ್ತದೆ ಎಂದು ಹಣ್ಣು ಕೊಳ್ಳುವಾಗ ಯಾವತ್ತಾದರೂ ಯೋಚನೆ ಬಂದಿದೆಯೇ? ಅದುವರೆಗೆ ಸರಾಗವಾಗಿ ಉತ್ತರ ಹೇಳುತ್ತಿದ್ದವರು ಅಲ್ಲಿಗೆ ಬಂದು ನಿಲ್ಲುತ್ತಿದ್ದರು. ಕೆಲವರು ಪ್ರಶ್ನೆಯನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಒಬ್ಬರು, ಅವರು ಮಾಸ್ಕ್ ಹಾಕಿಕೊಳ್ಳುತ್ತಾರಲ್ಲ ಎಂದರು. ಬಹಳ ಜನ ಇಲ್ಲ ಎಂದರು, ಅಷ್ಟೇ ಪ್ರಾಮಾಣಿಕವಾಗಿ.

ಕೊನೆಯ ದಿನ ಯಳಂದೂರಿನಲ್ಲಿ, ಹಣ್ಣಿನ ಗಾಡಿಯ ಹತ್ತಿರ ಒಬ್ಬ ಹೆಂಗಸು ಸಿಕ್ಕಳು. ಪಕ್ಕದ ಅಗರ ಊರಿನವಳು, ಕೂಲಿ ಕೆಲಸ ಮುಗಿಸಿ ಬಂದಿದ್ದಳು. ಎಲ್ಲ ಪ್ರಶ್ನೆಗೂ ಹೂಂ, ಉಹೂಂ ಎಂದು ಬೇಗ ಬೇಗ ಹೇಳುತ್ತಿದ್ದವಳು ಈ ಪ್ರಶ್ನೆಗೆ ಚೀಲವನ್ನು ಕೆಳಗಿಟ್ಟಳು.

"ನಮ್ಮನೆಯವ್ರು ಔಸ್ದಿ ಒಡೆಯಕ ಓಯ್ತಾರ" ಎಂದಳು. "ಅವತ್ತು ಮನ್ಗ ಬಂದು ಏನೂ ಉಣ್ಣಲ್ಲ. ಏನ್ ಬಾಯ್ಗಿಟ್ರೂ ಔಸ್ದಿ ಥರಾನೇ ಆಯ್ತದ ಅಂತಾರ. ನೀರೂವ."

ನಾನು ಪೆನ್ನು ಹಿಡಿದು ನಿಂತೆ. ಆ ಸಂತೆಯ ದಿನ ಇಲ್ಲದ ವಾಸನೆಯನ್ನು ಕಂಡುಹಿಡಿದ ನಮ್ಮೆಲ್ಲರ ನಾಲಿಗೆಗಳ ಮಧ್ಯೆ, ಔಷಧಿಯ ನಿಜವಾದ ರುಚಿ ಹೇಳಬಲ್ಲ ಒಂದು ನಾಲಿಗೆ ಅಗರದ ಆ ಮನೆಯಲ್ಲಿತ್ತು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಅಂಚಿನಲ್ಲಿ ಬರೆದೆ. ಜಾಗ ಸಾಲದೆ ಹಾಳೆ ತಿರುಗಿಸಿ ಹಿಂದೆಯೂ ಬರೆದೆ.

ಹುಡುಗಿ ಹಾಳೆಗಳನ್ನೆಲ್ಲ ಕಟ್ಟಿಕೊಂಡು ಊರಿಗೆ ಹೋದಳು. ಆ ಅಂಚಿನ ಬರಹವನ್ನು ಪ್ರಬಂಧದಲ್ಲಿ ಸೇರಿಸಲು ಕಾಲೇಜಿನವರು ಬಿಟ್ಟರೋ ಇಲ್ಲವೋ ಗೊತ್ತಿಲ್ಲ. ಸೇರಿಸುತ್ತೇನೆಂದು ಫೋನಿನಲ್ಲಿ ಹೇಳಿದ್ದಾಳೆ. ತೋಟದವರ ಬಹುಪಾಲು ಗೊನೆಗಳು ಇವತ್ತಿಗೂ ಮಂಡಿಗೆ ಹೋಗಿ ಎಲ್ಲರದರ ಜೊತೆ ಬೆರೆಯುತ್ತವೆ. ಎರಡು ವಾರಕ್ಕೊಂದು ಗೊನೆ ಮಾತ್ರ ಹನೂರಿನ ಬಸ್ಸಿನಲ್ಲಿ ನಮ್ಮ ಮನೆಗೆ ಬರುತ್ತದೆ. ಬೀದಿಯ ಐದಾರು ಮನೆಯವರು ಹಂಚಿಕೊಳ್ಳುತ್ತೇವೆ. ಮೊನ್ನೆ ಹೊಸದಾಗಿ ಬಂದ ಪಕ್ಕದ ಮನೆಯಾಕೆ, ಇದು ತುಂಬಾ ರುಚಿಯಂತಲ್ಲ ಎಂದು ಕೇಳಿದಳು. ಅಂಗಡಿಯ ಹಣ್ಣಿನ ಥರಾನೇ ಇರುತ್ತದೆ ಎಂದು ಅಪ್ಪ ಮಗ್ಗದಿಂದಲೇ ಹೇಳಿದರು. ಹಾಗಾದರೆ ಯಾಕೆ ತರಿಸುತ್ತೀರಿ ಎಂದಳು. ನಾನು ಅವಳನ್ನು ಒಳಗೆ ಕರೆದು ಕೂರಿಸಿ, ಬಿಳಿ ಷರ್ಟು ಹಾಕಿಕೊಂಡು ಸಂತೆಗೆ ಬಂದಿದ್ದ ಒಬ್ಬ ಮನುಷ್ಯನ ವಿಷಯ ಹೇಳತೊಡಗಿದೆ.